ಫ್ಯಾನು ತಿರುಗುತ್ತದೆ, ದೀಪ ಹತ್ತುವುದಿಲ್ಲ: ಕಡಿಮೆ ಬೆಲೆಯ ಪಿಸಿಯ ಬೆಳಕಿನ ಫ್ಯಾನು ಮತ್ತು ಮದರ್‌ಬೋರ್ಡಿಗೆ ದೋಷ ನಿವಾರಣೆ ಕೈಪಿಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಡಿಮೆ ಖರ್ಚಿನಲ್ಲಿ ಪಿಸಿ ಜೋಡಿಸಿಕೊಳ್ಳುವವರು ಎಲ್ಲ ಬಿಡಿಭಾಗಗಳನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳುವುದು ಅಪರೂಪ. ಬಳ್ಳಾರಿಯವರ ಮದರ್‌ಬೋರ್ಡು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಂದಿರುತ್ತದೆ, ರಾಯಚೂರಿನವರದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ. ಕ್ಯಾಬಿನೆಟ್ಟು ಆನ್‌ಲೈನಿನಲ್ಲಿ ತರಿಸಿದ್ದು, ಪ್ರೊಸೆಸರು ಪರಿಚಯದವರು ಬಳಸಿ ಮಾರಿದ್ದು. ಹೀಗೆ ಬೇರೆ ಬೇರೆ ಕಡೆಯಿಂದ ಬಂದ ಭಾಗಗಳನ್ನು ಕೂಡಿಸಿ ಮೊದಲ ಸಲ ಬಟನ್ ಒತ್ತಿದಾಗ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ: “ಅಣ್ಣಾ, ಫ್ಯಾನ್ ತಿರುಗಾಕತ್ಯಾವ, ಲೈಟ್ ಹತ್ತವಲ್ವು.”

ಈ ದೂರಿನ ಹಿಂದೆ ಕೆಟ್ಟ ಫ್ಯಾನು ಇರುವುದಕ್ಕಿಂತ ಹೊಂದದ ಪ್ಲಗ್ಗು ಇರುವುದೇ ಹೆಚ್ಚು. ಬೆಳಕಿನ ಫ್ಯಾನಿನ ಒಂದೇ ಚೌಕಟ್ಟಿನೊಳಗೆ ಎರಡು ಪ್ರತ್ಯೇಕ ಉಪಕರಣಗಳು ಕುಳಿತಿರುತ್ತವೆ: 12 ವೋಲ್ಟಿನಲ್ಲಿ ತಿರುಗುವ ಮೋಟರು ಒಂದು, ತನ್ನದೇ ವೋಲ್ಟೇಜು ಮತ್ತು ತನ್ನದೇ ತಂತಿ ಬೇಡುವ ಎಲ್‌ಇಡಿ ಉಂಗುರ ಇನ್ನೊಂದು. ಮೋಟರು ಸರಿಯಾಗಿ ಓಡುತ್ತಿರುವುದು ದೀಪದ ಬಗ್ಗೆ ಏನನ್ನೂ ಹೇಳುವುದಿಲ್ಲ, ದೀಪ ಉರಿಯುತ್ತಿರುವುದು ಮೋಟರಿನ ಬಗ್ಗೆಯೂ ಹೇಳುವುದಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ಬಂದರೆ, ಫ್ಯಾನು ಹಾಳಾಗಿದೆ ಎಂದು ಮುನ್ನೂರು ಕಿಲೋಮೀಟರು ದೂರದ ಅಂಗಡಿಗೆ ವಾಪಸು ಕಳಿಸುವ ಪೆಟ್ಟಿಗೆಗಳಲ್ಲಿ ದೊಡ್ಡ ಪಾಲು ಮನೆಯಲ್ಲೇ ಉಳಿಯುತ್ತದೆ. ಅಷ್ಟೇ ಮುಖ್ಯವಾಗಿ, ತಪ್ಪು ಹೆಡರಿಗೆ (ಬೋರ್ಡಿನ ಮೇಲೆ ಪ್ಲಗ್ಗು ಕೂರುವ ಪಿನ್ನುಗಳ ಸಾಲಿಗೆ) ಚುಚ್ಚಿ ಹೊಸ ಎಲ್‌ಇಡಿಗಳನ್ನು ಸುಟ್ಟುಕೊಳ್ಳುವುದು ತಪ್ಪುತ್ತದೆ.

ಕೈ ಹಾಕುವ ಮೊದಲು

ಪಿಸಿಯನ್ನು ಆರಿಸಿ, ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ಚನ್ನೂ ಆಫ್ ಮಾಡಿ, ಗೋಡೆಯ ವಯರನ್ನು ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಆಗ ಒಳಗಿನ ಕೆಪಾಸಿಟರುಗಳಲ್ಲಿ ಉಳಿದಿರುವ ವಿದ್ಯುತ್ತು ಖಾಲಿಯಾಗುತ್ತದೆ. ದೀಪದ ಪ್ಲಗ್ಗನ್ನು ಕರೆಂಟು ಇರುವಾಗ ಎಂದೂ ತೆಗೆಯಬಾರದು, ಹಾಕಬಾರದು. ಅರ್ಧ ಕೂತ ಪ್ಲಗ್ಗಿನಲ್ಲಿ ಪವರ್ ಪಿನ್ನು ಡೇಟಾ ಪಿನ್ನನ್ನು ತಾಗಿದರೆ ಮೊದಲ ಎಲ್‌ಇಡಿಯಾಗಲಿ ಬೋರ್ಡಿನ ಹೆಡರಾಗಲಿ ಹೋಗುತ್ತದೆ. ಏನನ್ನಾದರೂ ಬಿಚ್ಚುವ ಮೊದಲು ಎಲ್ಲ ತಂತಿಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಫ್ಯಾನಿನ ತಂತಿಯ ಕೊನೆಯನ್ನು ಗುರುತಿಸುವುದು

ದೋಷ ಹುಡುಕುವ ಕೆಲಸದ ಅರ್ಧ ಭಾಗ ಇಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಇಲ್ಲಿ ಅವಸರ ಸಲ್ಲದು.

ಫ್ಯಾನಿನಿಂದ ಒಂದೇ ತಂತಿ ಹೊರಬಂದಿದ್ದು, ಅದರ ತುದಿಯಲ್ಲಿ ಮೂರು ತೂತಿನ ಫ್ಯಾನ್ ಪ್ಲಗ್ಗೋ ದೊಡ್ಡ ನಾಲ್ಕು ತೂತಿನ ಮೊಲೆಕ್ಸ್ ಪ್ಲಗ್ಗೋ ಇದ್ದರೆ, ಅದರ ದೀಪ ಮೋಟರಿಗೆ ಬರುವ 12 ವೋಲ್ಟಿನಿಂದಲೇ ಉರಿಯುತ್ತದೆ. ಬಣ್ಣ ಒಂದೇ ಆಗಿರುತ್ತದೆ, ಇಲ್ಲವೇ ಒಳಗಿನ ಚಿಕ್ಕ ಚಿಪ್ಪು ತನ್ನಷ್ಟಕ್ಕೆ ಬಣ್ಣ ಬದಲಿಸುತ್ತಿರುತ್ತದೆ. ಇಂಥ ಫ್ಯಾನಿಗೆ ಮದರ್‌ಬೋರ್ಡಿನಲ್ಲಿ ದೀಪದ ಹೆಡರೇ ಬೇಕಿಲ್ಲ. ಯಾವ ತಂತ್ರಾಂಶದಿಂದಲೂ ಅದರ ಬಣ್ಣ ಬದಲಿಸಲು ಆಗುವುದಿಲ್ಲ. ಪೆಟ್ಟಿಗೆಯ ಮೇಲೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆರೆಸಿ ಬೇಕಾದ ಬಣ್ಣ ಕೊಡುವ ದೀಪ) ಎಂದು ಅಚ್ಚಾಗಿದ್ದರೂ ತಂತಿ ಹೀಗಿದ್ದರೆ ತಂತಿಯ ಮಾತನ್ನೇ ನಂಬಬೇಕು.

ಎರಡು ತಂತಿಗಳಿದ್ದು, ಎರಡನೆಯದರ ತುದಿಯಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ತೂತುಗಳಿರುವ ಚಪ್ಪಟೆ ಪ್ಲಗ್ಗು ಇದ್ದರೆ ಅದು 12 ವೋಲ್ಟಿನ ಆರ್‌ಜಿಬಿ. ಅದರಲ್ಲಿ ಒಂದು ಪಿನ್ನು 12 ವೋಲ್ಟ್, ಉಳಿದ ಮೂರು ಹಸಿರು, ಕೆಂಪು, ನೀಲಿ ಬಣ್ಣಗಳವು. ಬೋರ್ಡು ಯಾವ ಬಣ್ಣದ ಪಿನ್ನಿಗೆ ಗ್ರೌಂಡಿನ ಹಾದಿ ತೆರೆಯುತ್ತದೆಯೋ ಆ ಬಣ್ಣ ಉರಿಯುತ್ತದೆ, ಮತ್ತು ಫ್ಯಾನಿನ ಎಲ್ಲ ಎಲ್‌ಇಡಿಗಳೂ ಒಂದೇ ಸಮಯಕ್ಕೆ ಒಂದೇ ಬಣ್ಣ ತೋರುತ್ತವೆ.

ಅದೇ ಅಗಲದ ಪ್ಲಗ್ಗಿನಲ್ಲಿ ಎರಡು ತೂತು, ಒಂದು ಖಾಲಿ ಜಾಗ, ಮತ್ತೊಂದು ತೂತು ಇದ್ದರೆ ಅದು 5 ವೋಲ್ಟಿನ ಎಆರ್‌ಜಿಬಿ. ಇಲ್ಲಿ ಪಿನ್ನುಗಳು 5 ವೋಲ್ಟ್, ಡೇಟಾ, ಗ್ರೌಂಡ್. ಪ್ರತಿ ಎಲ್‌ಇಡಿಯೊಳಗೂ ಒಂದು ಚಿಪ್ಪಿದ್ದು, ಸಾಲಿನಲ್ಲಿ ಬಂದ ಮಾಹಿತಿಯಿಂದ ತನ್ನ ಪಾಲಿನ 24 ಬಿಟ್ಟುಗಳನ್ನು ತೆಗೆದುಕೊಂಡು ಮಿಕ್ಕದ್ದನ್ನು ಮುಂದಿನ ಎಲ್‌ಇಡಿಗೆ ದಾಟಿಸುತ್ತದೆ. ಹೀಗಾಗಿ ಒಂದೊಂದು ಎಲ್‌ಇಡಿಯೂ ಬೇರೆ ಬೇರೆ ಬಣ್ಣ ತೋರಬಲ್ಲದು. ಬಣ್ಣ ಉಂಗುರದಲ್ಲಿ ಓಡುವಂತೆ ಕಾಣುವುದು ಇದರಲ್ಲೇ.

ಇನ್ನೊಂದು ಬಗೆ ಈಗ ಅಗ್ಗದ ಕಿಟ್ಟುಗಳಲ್ಲಿ ತುಂಬಾ ಕಾಣುತ್ತದೆ: ಮೋಟರು ಮತ್ತು ದೀಪ ಎರಡರ ತಂತಿಗಳನ್ನೂ ಒಂದೇ ಆರು ಪಿನ್ನಿನ ಪ್ಲಗ್ಗಿಗೆ ಸೇರಿಸಿ, ಜೊತೆಗೆ ಒಂದು ಹಬ್ಬು (ಎಲ್ಲ ಫ್ಯಾನುಗಳನ್ನೂ ಒಟ್ಟಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ) ಮತ್ತು ರಿಮೋಟು ಕೊಡುತ್ತಾರೆ. ಈ ಆರು ಪಿನ್ನಿನ ಜೋಡಣೆಗೆ ಎಲ್ಲರೂ ಒಪ್ಪಿದ ಪದ್ಧತಿಯೊಂದಿಲ್ಲ; ಒಬ್ಬರ ಫ್ಯಾನಿನಲ್ಲಿ 12 ವೋಲ್ಟ್ ಇರುವ ಜಾಗದಲ್ಲಿ ಇನ್ನೊಬ್ಬರದರಲ್ಲಿ ಡೇಟಾ ಇರಬಹುದು. ಪ್ಲಗ್ಗು ಸಲೀಸಾಗಿ ಕೂತಿತು ಎಂಬ ಕಾರಣಕ್ಕೆ ಒಂದು ಕಂಪನಿಯ ಫ್ಯಾನನ್ನು ಇನ್ನೊಂದು ಕಂಪನಿಯ ಹಬ್ಬಿಗೆ ಹಾಕಬಾರದು. ಈ ಎಚ್ಚರಿಕೆಯನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಏಕೆಂದರೆ ಇಲ್ಲಿ ಫ್ಯಾನು ಮತ್ತು ಹಬ್ಬು ಎರಡೂ ಒಂದೇ ಸಲಕ್ಕೆ ಹೋಗುತ್ತವೆ.

ಬೋರ್ಡಿನ ಮೇಲೆ ಏನಿದೆ

ಮದರ್‌ಬೋರ್ಡಿನ ಹೆಡರುಗಳಿಗೆ ಒಂದೊಂದು ಕಂಪನಿ ಒಂದೊಂದು ಹೆಸರು ಅಚ್ಚು ಹಾಕುತ್ತದೆ. ಎಂಎಸ್‌ಐ ಬೋರ್ಡಿನಲ್ಲಿ 12 ವೋಲ್ಟಿನದು ಜೆಆರ್‌ಜಿಬಿ, 5 ವೋಲ್ಟಿನದು ಜೆರೇನ್‌ಬೋ, ಹೊಸ ಬೋರ್ಡುಗಳಲ್ಲಿ ಜೆಎಆರ್‌ಜಿಬಿ. ಗಿಗಾಬೈಟಿನಲ್ಲಿ 12 ವೋಲ್ಟಿಗೆ ಎಲ್‌ಇಡಿ-ಸಿ, 5 ವೋಲ್ಟಿಗೆ ಡಿ-ಎಲ್‌ಇಡಿ ಅಥವಾ ಎಆರ್‌ಜಿಬಿ ಎಂದಿರುತ್ತದೆ. ಎಎಸ್‌ರಾಕ್‌ನಲ್ಲಿ 5 ವೋಲ್ಟಿನದಕ್ಕೆ ಎಡಿಡಿಆರ್-ಎಲ್‌ಇಡಿ, ಏಸಸ್‌ನಲ್ಲಿ ಎಡಿಡಿ ಎಂದು ಆರಂಭವಾಗುವ ಹೆಸರು. ಹೆಸರು ಮರೆತರೂ ಪಿನ್ನು ಎಣಿಸಿದರೆ ಸಾಕು: ಬಿಡುವಿಲ್ಲದೆ ನಾಲ್ಕು ಪಿನ್ನು ನಿಂತಿದ್ದರೆ 12 ವೋಲ್ಟ್, ಮೂರನೆಯ ಪಿನ್ನಿನ ಜಾಗ ಖಾಲಿ ಇದ್ದರೆ 5 ವೋಲ್ಟ್. ಕೆಲವು ಹಳೆಯ ಗಿಗಾಬೈಟ್ ಬೋರ್ಡುಗಳಿಗಾಗಿ ಮಾಡಿದ ಫ್ಯಾನುಗಳ ಪ್ಲಗ್ಗಿನಲ್ಲಿ ಮೂರು ತೂತುಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಅದು ಸಿಕ್ಕರೆ ಪರಿವರ್ತಕ ತಂತಿ ಇಲ್ಲದೆ ಮುಂದುವರಿಯಬಾರದು.

ಇದಲ್ಲದೆ ಫ್ಯಾನಿನ ಹೆಡರು ಬೇರೆ, ದೀಪದ ಹೆಡರು ಬೇರೆ ಎಂಬುದನ್ನು ಕಣ್ಣಿನಿಂದಲೇ ಕಂಡುಕೊಳ್ಳಬೇಕು. ಎರಡರಲ್ಲೂ ನಾಲ್ಕು ಪಿನ್ನು ಇರಬಹುದು, ಪಿನ್ನುಗಳ ನಡುವಿನ ಅಂತರವೂ ಒಂದೇ, 2.54 ಮಿಲಿಮೀಟರು. ಆದರೆ ಸಿಪಿಯು ಫ್ಯಾನ್, ಸಿಸ್ ಫ್ಯಾನ್ ಎಂದು ಬರೆದಿರುವ ಹೆಡರಿನ ಬೆನ್ನಿಗೆ ಪ್ಲಗ್ಗು ಉಲ್ಟಾ ಕೂರದಂತೆ ಪ್ಲಾಸ್ಟಿಕ್ಕಿನ ಒಂದು ಗೋಡೆ ನಿಂತಿರುತ್ತದೆ, ದೀಪದ ಹೆಡರಿನಲ್ಲಿ ಪಿನ್ನುಗಳು ಬರಿದಾಗಿರುತ್ತವೆ. ಮೋಟರಿನ ಪ್ಲಗ್ಗನ್ನು ದೀಪದ ಹೆಡರಿಗೆ ಚುಚ್ಚಿದ ಪಿಸಿಗಳು ದುರಸ್ತಿಗೆ ಬರುತ್ತಲೇ ಇರುತ್ತವೆ.

ಅತಿ ಕಡಿಮೆ ಬೆಲೆಯ ಪಿಸಿಗಳಲ್ಲಿ ಇನ್ನೂ ಓಡುತ್ತಿರುವ ಎಚ್61, ಎಚ್81 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ದೀಪದ ಹೆಡರು ಸಾಮಾನ್ಯವಾಗಿ ಇರುವುದೇ ಇಲ್ಲ. ಅನಂತರದ ತಲೆಮಾರಿನ ಅಗ್ಗದ ಬೋರ್ಡುಗಳಲ್ಲಿ ಹಲವಕ್ಕೆ 12 ವೋಲ್ಟಿನದು ಮಾತ್ರ ಉಂಟು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಚಿಪ್‌ಸೆಟ್ಟಿನ ಹೆಸರು ನೋಡಿ ಹೆಡರನ್ನು ಊಹಿಸಲು ಬರುವುದಿಲ್ಲ. ಒಂದೇ ಚಿಪ್‌ಸೆಟ್ಟಿನ, ಒಂದೇ ಕಂಪನಿಯ ಎರಡು ಬೋರ್ಡುಗಳಲ್ಲಿ ಒಂದಕ್ಕೆ 5 ವೋಲ್ಟಿನ ಹೆಡರು ಇದ್ದು ಐದಾರು ನೂರು ರೂಪಾಯಿ ಕಡಿಮೆಯ ಇನ್ನೊಂದಕ್ಕೆ ಇಲ್ಲದಿರಬಹುದು.

ತಿರುಗುತ್ತದೆ, ಬೆಳಗುವುದಿಲ್ಲ

ಪವರ್ ಬಟನ್ ಒತ್ತಿದ ಕ್ಷಣದಿಂದ ವಿಂಡೋಸ್ ಪೂರ್ತಿ ತೆರೆಯುವವರೆಗೆ ಫ್ಯಾನನ್ನೇ ನೋಡುತ್ತಿರಬೇಕು. ಬೋರ್ಡಿನ ದೀಪದ ಹೆಡರು ಸಾಮಾನ್ಯವಾಗಿ ವಿಂಡೋಸ್‌ಗೆ ಕಾಯದೆ ತನ್ನ ಮೂಲ ಬಣ್ಣದಾಟವನ್ನು ಶುರು ಮಾಡುತ್ತದೆ. ಆರಂಭದಲ್ಲಿ ದೀಪ ಹತ್ತಿ, ವಿಂಡೋಸ್ ಬಂದ ಮೇಲೆ ಆರಿದರೆ ತಂತಿ, ಹೆಡರು, ಎಲ್‌ಇಡಿ ಎಲ್ಲವೂ ಸರಿಯಾಗಿವೆ, ದೋಷ ತಂತ್ರಾಂಶದ್ದು. ಬಯೋಸ್ ಪರದೆಯಲ್ಲೂ (ವಿಂಡೋಸ್‌ಗೆ ಮೊದಲು ಬೋರ್ಡು ತೋರಿಸುವ ಸೆಟ್ಟಿಂಗುಗಳ ಪರದೆ) ಕತ್ತಲೆಯೇ ಇದ್ದರೆ ಮಾತ್ರ ತಂತಿಯ ಕಡೆ ತಿರುಗಬೇಕು. ಈ ಒಂದು ನೋಟದಿಂದ ದಾರಿ ಎರಡಾಗುತ್ತದೆ, ಖರ್ಚೇನೂ ಇಲ್ಲ.

ತಂತ್ರಾಂಶದ ದೋಷವಾದರೆ ಹೆಚ್ಚಾಗಿ ಎರಡು ನಿಯಂತ್ರಕ ತಂತ್ರಾಂಶಗಳು ಒಂದೇ ಹೆಡರಿಗಾಗಿ ಕಿತ್ತಾಡುತ್ತಿರುತ್ತವೆ. ಬೋರ್ಡು ಎಂಎಸ್‌ಐ ಆದರೆ ಎಂಎಸ್‌ಐ ಸೆಂಟರ್, ಏಸಸ್ ಆದರೆ ಆರ್ಮರಿ ಕ್ರೇಟ್, ಗಿಗಾಬೈಟ್ ಆದರೆ ಗಿಗಾಬೈಟ್ ಕಂಟ್ರೋಲ್ ಸೆಂಟರ್, ಎಎಸ್‌ರಾಕ್ ಆದರೆ ಪಾಲಿಕ್ರೋಮ್. ಇವುಗಳಲ್ಲಿ ಬೋರ್ಡಿಗೆ ಸೇರಿದ ಒಂದನ್ನು ಉಳಿಸಿ ಉಳಿದವನ್ನು ತೆಗೆದುಹಾಕಬೇಕು. ಓಪನ್‌ಆರ್‌ಜಿಬಿ ಎಂಬ ಮುಕ್ತ ತಂತ್ರಾಂಶ ಬಳಸುವವರು ಕಂಪನಿಯದನ್ನು ಪೂರ್ತಿ ನಿಲ್ಲಿಸಿ ಅದನ್ನು ಓಡಿಸಬೇಕು. ಆರಂಭದಿಂದಲೇ ಕತ್ತಲೆಯಿದ್ದರೂ ತಂತಿ ಮುಟ್ಟುವ ಮೊದಲು ಬಯೋಸ್‌ನಲ್ಲಿ ಎಲ್‌ಇಡಿ ಆಯ್ಕೆ ಆಫ್ ಆಗಿದೆಯೇ ನೋಡಬೇಕು. ಕೆಲವು ಎಂಎಸ್‌ಐ ಬೋರ್ಡುಗಳ ಮೇಲೆಯೇ ಎಲ್ಲ ದೀಪಗಳನ್ನೂ ಆರಿಸುವ ಪುಟ್ಟ ಸ್ವಿಚ್ಚಿದ್ದು, ಜೋಡಿಸುವಾಗ ಬೆರಳು ತಾಗಿ ಅದು ಸರಿದಿರುವುದುಂಟು.

ಬಯೋಸ್ ಪರದೆಯಲ್ಲೂ ಕತ್ತಲೆ ಎಂದಾದರೆ, ಮೊದಲು ಪ್ಲಗ್ಗು ಮತ್ತು ಹೆಡರು ಒಂದೇ ಜಾತಿಯವೇ ಎಂದು ಖಚಿತ ಮಾಡಿಕೊಳ್ಳಬೇಕು. 12 ವೋಲ್ಟಿನ ನಾಲ್ಕು ತೂತಿನ ಪ್ಲಗ್ಗು 5 ವೋಲ್ಟಿನ ಮೂರು ಪಿನ್ನಿನ ಮೇಲೆ ತೊಂದರೆಯಿಲ್ಲದೆ ಕೂರುತ್ತದೆ. ಹಾಗೆ ಕೂತಾಗ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ದೀಪವೂ ಹತ್ತುವುದಿಲ್ಲ, ಏಕೆಂದರೆ ಸಾಲಾಗಿ ಜೋಡಿಸಿದ ಆ ಎಲ್‌ಇಡಿಗಳಿಗೆ 5 ವೋಲ್ಟು ಸಾಲದು.

ಇದರ ವಿರುದ್ಧ ದಿಕ್ಕಿನ ತಪ್ಪು ಮಾತ್ರ ದುಬಾರಿ. 5 ವೋಲ್ಟಿನ ಪ್ಲಗ್ಗಿನ ಮೂರನೆಯ ತೂತು ಮುಚ್ಚಿರುವುದರಿಂದ ಅದು 12 ವೋಲ್ಟಿನ ಹೆಡರಿನ ಮೇಲೆ ತಾನಾಗಿ ಕೂರದು. ಆದರೆ ನಡುವೆ ನಾಲ್ಕೂ ತೂತು ತೆರೆದಿರುವ ಅಗ್ಗದ ವಿಸ್ತರಣೆ ತಂತಿ ಬಂದರೆ, ಅಥವಾ ಯಾರಾದರೂ ಪಿನ್ನು ಬಾಗಿಸಿ ಒತ್ತಿದರೆ ಕೂರುತ್ತದೆ. ಆಗ 5 ವೋಲ್ಟ್ ಬರಬೇಕಾದ ತಂತಿಗೆ 12 ವೋಲ್ಟ್ ಸಿಗುತ್ತದೆ, ಗ್ರೌಂಡಿನ ತಂತಿ ನೀಲಿ ಬಣ್ಣದ ಪಿನ್ನಿನ ಮೇಲೆ ಬೀಳುತ್ತದೆ. ಬೋರ್ಡು ನೀಲಿಯನ್ನು ಹೊತ್ತಿಸಿದ ಕ್ಷಣ ಎಲ್‌ಇಡಿಯೊಳಗಿನ ಚಿಪ್ಪುಗಳ ಮೇಲೆ ಪೂರ್ಣ 12 ವೋಲ್ಟು ಬಿದ್ದು ಅವು ಸಾಯುತ್ತವೆ. ಮೋಟರಿನ ದಾರಿ ಬೇರೆಯಾದ್ದರಿಂದ ಫ್ಯಾನು ಮಾತ್ರ ಏನೂ ಆಗದಂತೆ ತಿರುಗುತ್ತಲೇ ಇರುತ್ತದೆ. ಹೀಗೆ ಸುಟ್ಟ ಉಂಗುರವನ್ನು ಸರಿಪಡಿಸುವುದು ಲಾಭದ ಕೆಲಸವಲ್ಲ. ದೀಪದ ತಂತಿಯನ್ನು ಸುತ್ತಿ ಕಟ್ಟಿ, ಗಾಳಿಗಾಗಿ ಆ ಫ್ಯಾನನ್ನು ಬಳಸಿಕೊಳ್ಳಬಹುದು.

ಪ್ಲಗ್ಗು ಮತ್ತು ಹೆಡರು ಹೊಂದಿದ್ದರೂ ದೀಪ ಹತ್ತದಿದ್ದರೆ ಬಾಣದ ಗುರುತನ್ನು ನೋಡಬೇಕು. ಪ್ಲಗ್ಗಿನ ಮೇಲಿನ ಬಾಣ ಪವರ್ ತಂತಿಯನ್ನು ಸೂಚಿಸುತ್ತದೆ, ಬೋರ್ಡಿನಲ್ಲಿ 5 ವಿ ಅಥವಾ 12 ವಿ ಎಂದು ಅಚ್ಚಾಗಿರುವ ಪಿನ್ನಿನ ಮೇಲೆ ಅದು ಬರಬೇಕು. 12 ವೋಲ್ಟಿನ ಪ್ಲಗ್ಗಿಗೆ ಉಲ್ಟಾ ತಡೆಯುವ ಗೋಡೆಯಿಲ್ಲದ ಕಾರಣ ಈ ತಪ್ಪು ಅಲ್ಲೇ ಹೆಚ್ಚು.

ಆಮೇಲೆ ಅದಲುಬದಲು ಪರೀಕ್ಷೆ. ಚೆನ್ನಾಗಿದೆ ಎಂದು ಗೊತ್ತಿರುವ ಅದೇ ಜಾತಿಯ ಫ್ಯಾನನ್ನು ಅನುಮಾನದ ಹೆಡರಿಗೆ, ಅನುಮಾನದ ಫ್ಯಾನನ್ನು ಚೆನ್ನಾಗಿರುವ ಹೆಡರಿಗೆ ಹಾಕಿ ನೋಡಬೇಕು. ಒಂದನ್ನೇ ಮಾಡಿ ತೀರ್ಮಾನಿಸಬಾರದು. ಎರಡೂ ಉತ್ತರಗಳು ಕೂಡಿದಾಗಲೇ ದೋಷ ಫ್ಯಾನಿನದೋ ಬೋರ್ಡಿನದೋ ಖಚಿತವಾಗುತ್ತದೆ. ನಡುವೆ ಸ್ಪ್ಲಿಟರ್ (ಒಂದು ಹೆಡರನ್ನು ಹಲವು ಫ್ಯಾನುಗಳಿಗೆ ಹಂಚುವ ತಂತಿ) ಇದ್ದರೆ ಮೊದಲು ಅದನ್ನು ತೆಗೆದು ಒಂದೇ ಫ್ಯಾನನ್ನು ನೇರವಾಗಿ ಹಾಕಬೇಕು, ಏಕೆಂದರೆ ಅಗ್ಗದ ಸ್ಪ್ಲಿಟರಿನೊಳಗೆ ತುಂಡಾದ ತಂತಿ ಹೊರಗಿನಿಂದ ಕಾಣುವುದಿಲ್ಲ.

ಮಲ್ಟಿಮೀಟರು ಕೈಯಲ್ಲಿದ್ದು, ಪಿನ್ನುಗಳ ನಡುವೆ ಮೊನೆ ಜಾರದಂತೆ ಹಿಡಿಯುವ ಸ್ಥಿರತೆ ಇರುವವರು ವೋಲ್ಟೇಜನ್ನೂ ಅಳೆಯಬಹುದು. 5 ವೋಲ್ಟಿನ ಹೆಡರಿನಲ್ಲಿ ಮೊದಲ ಮತ್ತು ಕೊನೆಯ ಪಿನ್ನಿನ ನಡುವೆ 4.75ರಿಂದ 5.25 ವೋಲ್ಟ್ ಬರಬೇಕು. 12 ವೋಲ್ಟಿನ ಹೆಡರಿನಲ್ಲಿ ಗ್ರೌಂಡ್ ಪಿನ್ನೇ ಇಲ್ಲ ಎಂಬುದನ್ನು ಮರೆಯಬಾರದು. ಅಲ್ಲಿ ಕಪ್ಪು ಮೊನೆಯನ್ನು ಬಳಕೆಯಾಗದ ಮೊಲೆಕ್ಸ್ ಪ್ಲಗ್ಗಿನ ಕಪ್ಪು ತಂತಿಗೆ ಇಟ್ಟು ಕೆಂಪು ಮೊನೆಯನ್ನು 12 ವೋಲ್ಟಿನ ಪಿನ್ನಿಗೆ ಮುಟ್ಟಿಸಿದರೆ 11.4ರಿಂದ 12.6 ವೋಲ್ಟ್ ಬರಬೇಕು. ಕೈ ನಡುಗುವವರು ಬೋರ್ಡಿನಲ್ಲಿ ಅಳೆಯದೆ ಅದಲುಬದಲು ಪರೀಕ್ಷೆಗೇ ನಿಲ್ಲುವುದು ಒಳ್ಳೆಯದು.

ಒಂದೇ ತಂತಿಯ ಒಂದೇ ಬಣ್ಣದ ಫ್ಯಾನಿನಲ್ಲಿ ದೀಪ ಮಂಕಾಗಿದ್ದರೆ ಅದಕ್ಕೆ ಕಾರಣ ಬೇರೆಯೇ. ಬೋರ್ಡು ವೇಗ ಇಳಿಸಲು ಆ ಹೆಡರಿನ ವೋಲ್ಟೇಜನ್ನು ಇಳಿಸಿದಾಗ ಅದೇ ವೋಲ್ಟೇಜಿನಲ್ಲಿ ಉರಿಯುವ ದೀಪವೂ ಮಂಕಾಗುತ್ತದೆ. ಬಯೋಸ್‌ನಲ್ಲಿ ಆ ಫ್ಯಾನನ್ನು ಪೂರ್ಣ ವೇಗಕ್ಕೆ ಇಟ್ಟು ನೋಡಿದಾಗ ಬೆಳಕು ಏರಿದರೆ ಫ್ಯಾನಿನಲ್ಲಿ ಯಾವ ದೋಷವೂ ಇಲ್ಲ.

ಕಿಟ್ಟಿನ ಹಬ್ಬು

ಹಬ್ಬು ಇರುವ ಕಿಟ್ಟಿನಲ್ಲಿ ಫ್ಯಾನುಗಳೆಲ್ಲ ತಿರುಗಿ ಒಂದರಲ್ಲೂ ದೀಪ ಹತ್ತದಿದ್ದರೆ, ಹಬ್ಬಿಗೆ 12 ವೋಲ್ಟ್ ಬಂದು 5 ವೋಲ್ಟ್ ಬರುತ್ತಿಲ್ಲ ಎಂಬುದು ಮೊದಲ ಅನುಮಾನ. ಹಬ್ಬಿಗೆ ಕರೆಂಟು ಸಾಟಾ (ಹಾರ್ಡ್ ಡಿಸ್ಕಿಗೆ ಹಾಕುವ ಚಪ್ಪಟೆ ಪ್ಲಗ್ಗು) ಅಥವಾ ಮೊಲೆಕ್ಸ್ ಪ್ಲಗ್ಗಿನಿಂದ ಬರುತ್ತದೆ. ಮೊಲೆಕ್ಸ್‌ನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ತಂತಿ ಗ್ರೌಂಡು. ಕೆಂಪು ತಂತಿಯ ಲೋಹದ ತುದಿ ಹಿಂದಕ್ಕೆ ಸರಿದು ಎದುರಿನ ಪಿನ್ನನ್ನು ಮುಟ್ಟದಿರುವುದು ಸಾಮಾನ್ಯ. ಬೇರೆ ಪ್ಲಗ್ಗಿಗೆ ಬದಲಿಸಿದರೆ ಇದು ತಿಳಿದುಬಿಡುತ್ತದೆ. ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ, ತಂತಿಯ ಸುತ್ತ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚು ಹೊಯ್ದ ಅಡಾಪ್ಟರುಗಳು ಒಳಗೇ ಶಾರ್ಟ್ ಆಗಿ ಕರಗಿ ಹೊತ್ತಿಕೊಂಡ ಉದಾಹರಣೆಗಳಿವೆ. ದೀಪದ ಆಸೆಗೆ ಅದನ್ನು ಬಳಸಬಾರದು.

ಒಂದು ಫ್ಯಾನು ಮಾತ್ರ ಕತ್ತಲಾಗಿದ್ದರೆ ಅದನ್ನು ಹಬ್ಬಿನ ಬೇರೆ ಬಾಯಿಗೆ ಬದಲಿಸಬೇಕು. ಎಲ್ಲ ಬೆಳಗಿ ರಿಮೋಟು ಮಾತ್ರ ಕೆಲಸ ಮಾಡದಿದ್ದರೆ ಅದರ ಬ್ಯಾಟರಿಯ ಪ್ಲಾಸ್ಟಿಕ್ ಪಟ್ಟಿ ಎಳೆದಿದ್ದಾರೆಯೇ ಎಂದು ನೋಡಿದ ಮೇಲೆ, ಹಬ್ಬು ಮದರ್‌ಬೋರ್ಡಿನ ಸಿಂಕ್ ಸ್ಥಿತಿಗೆ ಹೋಗಿದೆಯೇ ಎಂದು ಪರೀಕ್ಷಿಸಬೇಕು. ಆ ಸ್ಥಿತಿಯಲ್ಲಿ ಹಬ್ಬು ರಿಮೋಟಿನ ಮಾತು ಕೇಳದೆ ಬೋರ್ಡಿನ ಡೇಟಾಗೆ ಕಾಯುತ್ತದೆ. ಬೋರ್ಡಿನಲ್ಲಿ 5 ವೋಲ್ಟಿನ ಹೆಡರು ಇಲ್ಲದವರಿಗೆ ಇದು ಪೂರ್ತಿ ಕೆಟ್ಟಂತೆಯೇ ಕಾಣುತ್ತದೆ. ಯಾವ ಬಟನ್ನನ್ನು ಎಷ್ಟು ಹೊತ್ತು ಒತ್ತಿದರೆ ಅದರಿಂದ ಹೊರಬರುತ್ತದೆ ಎಂಬುದು ಕಿಟ್ಟಿನ ಜೊತೆಯ ಹಾಳೆಯಲ್ಲಿರುತ್ತದೆ, ಆದ್ದರಿಂದ ಆ ಹಾಳೆಯನ್ನು ಎಸೆಯಬಾರದು.

ಬೆಳಗುತ್ತದೆ, ಬಣ್ಣ ತಪ್ಪು

ಎಆರ್‌ಜಿಬಿ ಸಾಲಿನಲ್ಲಿ ಒಂದು ಎಲ್‌ಇಡಿಯವರೆಗೆ ಸರಿಯಾಗಿದ್ದು ಅಲ್ಲಿಂದ ಮುಂದೆ ಎಲ್ಲ ಕತ್ತಲಾಗಿದ್ದರೆ ಅಥವಾ ಚೆಲ್ಲಾಪಿಲ್ಲಿ ಬಣ್ಣ ತೋರಿದರೆ, ಬೆಳಗುತ್ತಿರುವ ಕೊನೆಯ ಎಲ್‌ಇಡಿ ಅಥವಾ ಅದರ ಮುಂದಿನದು ಕೆಟ್ಟಿದೆ. ಕೆರೆಯ ಕಾಲುವೆಯಲ್ಲಿ ಮೇಲಿನ ಹೊಲದ ಬಳಿ ಹಾದಿ ಮುಚ್ಚಿಕೊಂಡರೆ ಕೆಳಗಿನವರಿಗೆ ನೀರು ಬಾರದ ಹಾಗೆ, ಡೇಟಾ ಒಬ್ಬರಿಂದ ಒಬ್ಬರಿಗೆ ದಾಟಿಯೇ ಹೋಗಬೇಕು. ಒಂದಕ್ಕೊಂದು ಸಿಕ್ಕಿಸುವ ಫ್ಯಾನುಗಳಲ್ಲಿ ಮೊದಲ ಫ್ಯಾನಿನ ದೋಷದಿಂದ ಅದರ ನಂತರದವೆಲ್ಲ ಕತ್ತಲಾಗುವುದು ಈ ಕಾರಣಕ್ಕೆ. ಫ್ಯಾನುಗಳ ಕ್ರಮ ಬದಲಿಸಿದರೆ ಅಪರಾಧಿ ಯಾವುದೆಂದು ಗೊತ್ತಾಗುತ್ತದೆ. ಆದರೆ ಸ್ಪ್ಲಿಟರಿನಲ್ಲಿ ಡೇಟಾ ಎಲ್ಲ ಫ್ಯಾನುಗಳಿಗೂ ಸಮಾನವಾಗಿ ಹೋಗುವುದರಿಂದ ಅಲ್ಲಿ ಈ ತರ್ಕ ನಡೆಯದು. ಏನೂ ಕೆಟ್ಟಿಲ್ಲದೆ ಸಾಲಿನ ಬಾಲ ಮಾತ್ರ ಬೆಳಗದಿದ್ದರೆ, ತಂತ್ರಾಂಶದಲ್ಲಿ ಎಲ್‌ಇಡಿಗಳ ಸಂಖ್ಯೆಯನ್ನು ಕಡಿಮೆ ನಮೂದಿಸಿರಬಹುದು.

ಬಿಳಿ ಬಣ್ಣ ಆರಿಸಿದಾಗ ಮೊದಲ ಫ್ಯಾನು ಬಿಳಿಯಾಗಿದ್ದು ಕೊನೆಯದು ಹಳದಿಗೋ ಕೆಂಪಿಗೋ ತಿರುಗಿದರೆ ಅದು ವೋಲ್ಟೇಜು ಸೋರಿಹೋಗುತ್ತಿರುವ ಲಕ್ಷಣ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿನಲ್ಲೇ ಉರಿಯುತ್ತದೆ, ನೀಲಿ ಮತ್ತು ಹಸಿರಿಗೆ 3 ವೋಲ್ಟಿನಷ್ಟು ಬೇಕು. ತೆಳು ತಂತಿಯಲ್ಲಿ ವೋಲ್ಟೇಜು ಕುಸಿದಾಗ ಮೊದಲು ಸೊರಗುವುದು ನೀಲಿ. 5 ವೋಲ್ಟಿನ ಹೆಡರು ಸಾಮಾನ್ಯವಾಗಿ 3 ಆಂಪಿಯರಿನವರೆಗೆ ಕೊಡಬಲ್ಲದು, ಅಂದರೆ 15 ವ್ಯಾಟ್. ಈ ಬಗೆಯ ಒಂದು ಎಲ್‌ಇಡಿ ಪೂರ್ಣ ಬಿಳಿಯಲ್ಲಿ ಸುಮಾರು 60 ಮಿಲಿ ಆಂಪಿಯರ್ ಎಳೆಯಬಹುದು, ಆ ಲೆಕ್ಕದಲ್ಲಿ 50 ಎಲ್‌ಇಡಿಗಳಿಗೆ ಹೆಡರು ಪೂರ್ತಿ ತುಂಬುತ್ತದೆ. ಹದಿನಾರು ಎಲ್‌ಇಡಿಗಳ ಮೂರು ಫ್ಯಾನು ಹಾಕಿ ಮೇಲೊಂದು ಪಟ್ಟಿಯನ್ನೂ ಸೇರಿಸುವವರು ಸ್ಪ್ಲಿಟರಿನ ಬದಲು ಸಾಟಾದಿಂದ ಕರೆಂಟು ಪಡೆಯುವ ಹಬ್ಬನ್ನು ಬಳಸಬೇಕು. ಹೊಳಪನ್ನು ಅರ್ಧಕ್ಕೆ ಇಳಿಸಿದಾಗ ಬಿಳಿ ಸರಿಯಾದರೆ ರೋಗನಿರ್ಣಯ ಖಚಿತ.

ಆಟ ಆಡುವಾಗ ಮಾತ್ರ ದೀಪ ಮಿಣುಕುವುದಾದರೆ ಎಸ್‌ಎಂಪಿಎಸ್ ಕಡೆ ನೋಡಬೇಕು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟ್ ಮತ್ತು 5 ವೋಲ್ಟನ್ನು ಒಟ್ಟಿಗೆ ನಿಯಂತ್ರಿಸುವ ಹಳೆಯ ರಚನೆ ಇರುವುದರಿಂದ, ಗ್ರಾಫಿಕ್ಸ್ ಕಾರ್ಡು 12 ವೋಲ್ಟನ್ನು ಜೋರಾಗಿ ಎಳೆದಾಗ 5 ವೋಲ್ಟೂ ತನ್ನ ಜಾಗದಿಂದ ಸರಿಯುತ್ತದೆ. ಇಂಥಲ್ಲಿ ದೀಪ ಕೇವಲ ಸೂಚನೆ ಕೊಡುತ್ತಿದೆ. ಅಪಾಯದಲ್ಲಿರುವುದು ಹಾರ್ಡ್ ಡಿಸ್ಕು ಮತ್ತು ಬೋರ್ಡು, ಆದ್ದರಿಂದ ಹೊಸ ಫ್ಯಾನಿಗೆ ಇಟ್ಟಿರುವ ಹಣವನ್ನು ಎಸ್‌ಎಂಪಿಎಸ್‌ಗೆ ಸೇರಿಸುವುದೇ ಸರಿ.

ಪಿಸಿ ಆರಿಸಿದ ಮೇಲೂ ದೀಪ ಉರಿಯುತ್ತಿದ್ದರೆ ಅದು ದೋಷವಲ್ಲ. ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ಹೆಡರು ಜೀವಂತವಾಗಿದೆ. ಬಯೋಸ್‌ನಲ್ಲಿ ಇಆರ್‌ಪಿ ಎಂಬ ಆಯ್ಕೆಯನ್ನು ಆನ್ ಮಾಡಿದರೆ ನಿಲ್ಲುತ್ತದೆ.

ಬೆಳಗುತ್ತದೆ, ತಿರುಗುವುದಿಲ್ಲ, ತಿರುಗಿದರೆ ನಿಲ್ಲದ ಸದ್ದು

ದೀಪ ಇದ್ದು ರೆಕ್ಕೆ ನಿಂತಿದ್ದರೆ ಮೋಟರಿನ ಪ್ಲಗ್ಗು ಹಾಕಿಯೇ ಇಲ್ಲದಿರುವುದು, ತಂತಿ ರೆಕ್ಕೆಗೆ ಸಿಕ್ಕಿರುವುದು, ಅಥವಾ ಉಷ್ಣತೆ ಕಡಿಮೆಯಿದ್ದಾಗ ಫ್ಯಾನು ನಿಲ್ಲಲಿ ಎಂದು ಬಯೋಸ್‌ನಲ್ಲಿ ಇಟ್ಟಿರುವುದು, ಈ ಮೂರನ್ನು ನೋಡಿದರೆ ಸಾಕು. ಸದಾ ಪೂರ್ಣ ವೇಗದಲ್ಲಿ ಕೂಗುತ್ತಿದ್ದರೆ ಮೂರು ಪಿನ್ನಿನ ಫ್ಯಾನು ಪಿಡಬ್ಲ್ಯೂಎಂ ಸ್ಥಿತಿಯಲ್ಲಿರುವ (ನಾಲ್ಕನೆಯ ಪಿನ್ನಿನ ಸಂಕೇತದಿಂದ ವೇಗ ಬದಲಿಸುವ) ಹೆಡರಿನ ಮೇಲಿರುವ ಸಾಧ್ಯತೆ ಹೆಚ್ಚು. ಬಯೋಸ್‌ನಲ್ಲಿ ಆ ಹೆಡರನ್ನು ಡಿಸಿಗೆ, ಅಂದರೆ ವೋಲ್ಟೇಜಿನಿಂದ ವೇಗ ಬದಲಿಸುವ ಸ್ಥಿತಿಗೆ, ಬದಲಿಸಬೇಕು. ಅಗ್ಗದ ಬೋರ್ಡಿನಲ್ಲಿ ಸಿಪಿಯು ಫ್ಯಾನಿನ ಹೆಡರು ಬಿಟ್ಟರೆ ಕ್ಯಾಬಿನೆಟ್ ಫ್ಯಾನಿಗೆ ಒಂದೇ ಹೆಡರು ಇರುವುದು ಹೆಚ್ಚು, ಅದರ ಮಿತಿ ಸಾಮಾನ್ಯವಾಗಿ 1 ಆಂಪಿಯರ್. ಫ್ಯಾನಿನ ನಡುವಿನ ಸ್ಟಿಕ್ಕರಿನಲ್ಲಿ ಬರೆದಿರುವ ಆಂಪಿಯರುಗಳನ್ನು ಕೂಡಿಸಿ, ಮೊತ್ತ ಅದರ ಒಳಗಿದ್ದರೆ ಮಾತ್ರ ಸ್ಪ್ಲಿಟರ್ ಹಾಕಬೇಕು.

ನಮ್ಮ ಸೀಮೆಯ ಧೂಳನ್ನೂ ಇಲ್ಲಿ ಹೇಳಲೇಬೇಕು. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಕೆಂಪು ಧೂಳು, ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತ ಉಮಿಯ ಧೂಳು ಫ್ಯಾನಿನ ಅಂಚಿನಲ್ಲಿ ಕೂತು ಬೇರಿಂಗನ್ನು ಬಿಗಿ ಮಾಡುತ್ತದೆ, ಬರಿದಾದ ಹೆಡರ್ ಪಿನ್ನುಗಳ ಮೇಲೆ ಕೂತು ಆಗಾಗ ಆರುವ ದೀಪಕ್ಕೆ ಕಾರಣವಾಗುತ್ತದೆ. ಬ್ಲೋಯರಿನಿಂದ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಗೆ ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗು ಸವೆಯುತ್ತದೆ.

ದೀಪಗಳೆಲ್ಲ ಬೆಳಗುತ್ತಿದ್ದೂ ಪಿಸಿ ಬಿಸಿಯಾಗುತ್ತಿದ್ದರೆ ಫ್ಯಾನಿನ ದಿಕ್ಕನ್ನು ಪರೀಕ್ಷಿಸಬೇಕು. ಸಾಮಾನ್ಯ ಫ್ಯಾನಿನ ಚೆಂದದ ಮುಖ ಗಾಳಿ ಎಳೆದುಕೊಳ್ಳುವ ಬದಿ, ಮೋಟರನ್ನು ಹಿಡಿದಿರುವ ಕಡ್ಡಿಗಳ ಬದಿ ಗಾಳಿ ಹೊರಬಿಡುವುದು. ಪಕ್ಕದ ಗಾಜಿನಿಂದ ದೀಪ ಚೆನ್ನಾಗಿ ಕಾಣಲಿ ಎಂದು ಬದಿಯ ಅಥವಾ ತಳದ ಫ್ಯಾನನ್ನು ತಿರುಗಿಸಿ ಕೂರಿಸಿದರೆ ಒಳಗೆ ಎಳೆಯಬೇಕಾದ ಗಾಳಿಯನ್ನು ಅದು ಹೊರಗೆ ದಬ್ಬುತ್ತದೆ. ಆ ಜಾಗಕ್ಕೆಂದೇ ರೆಕ್ಕೆ ತಿರುಗುಮುರುಗಾಗಿರುವ ಫ್ಯಾನುಗಳು ಸಿಗುತ್ತವೆ.

ಕೊಳ್ಳುವ ಮೊದಲೇ ದೋಷ ತಡೆಯುವುದು

ಬೋರ್ಡು ಇನ್ನೂ ಕೊಂಡಿಲ್ಲದವರು ಬೋರ್ಡಿನ ಕಂಪನಿಯ ಜಾಲತಾಣದಿಂದ ಅದೇ ಮಾದರಿಯ, ಅದೇ ಆವೃತ್ತಿ ಸಂಖ್ಯೆಯ ಕೈಪಿಡಿಯನ್ನು ಇಳಿಸಿಕೊಂಡು ಹೆಡರುಗಳ ಚಿತ್ರವಿರುವ ಪುಟವನ್ನು ನೋಡಬೇಕು. 5 ವೋಲ್ಟಿನ ಒಂದು ಹೆಡರು, ಕ್ಯಾಬಿನೆಟ್ ಫ್ಯಾನಿಗೆ ಕನಿಷ್ಠ ಒಂದು ನಾಲ್ಕು ಪಿನ್ನಿನ ಹೆಡರು ಇದ್ದರೆ ಕಡಿಮೆ ಬೆಲೆಯ ಪಿಸಿಗೆ ಧಾರಾಳವಾಯಿತು. ಫ್ಯಾನಿನ ವಿಷಯದಲ್ಲಿ ಮಾರುವವರಿಗೆ ಆರ್‌ಜಿಬಿಯೇ ಎಂದು ಕೇಳಿದರೆ ಹೌದು ಎಂಬ ಉತ್ತರ ಎಲ್ಲದಕ್ಕೂ ಬರುತ್ತದೆ; ದೀಪದ ಪ್ಲಗ್ಗಿನ ಫೋಟೋ ಕಳಿಸಿ ಎಂದು ಕೇಳಬೇಕು. ಬಳಸಿದ ಬೋರ್ಡು ಕೊಳ್ಳುವವರು ದೀಪದ ಹೆಡರಿನ ಪಿನ್ನು ಬಾಗಿದೆಯೇ, ಸುತ್ತ ಕಪ್ಪಾಗಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಲ್ಲಿ ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿ ಆ ಗಾಜಿನ ಹಿಂದೆ ಮೂರು ಬೆಳಕಿನ ಫ್ಯಾನು ಇಟ್ಟ ಕ್ಯಾಬಿನೆಟ್ಟನ್ನು ನಾನು ಯಾರಿಗೂ ಹೇಳುವುದಿಲ್ಲ. ಎಷ್ಟು ಫ್ಯಾನಿದ್ದರೂ ಗಾಜಿನ ಪಕ್ಕದ ಸೀಳಿನಿಂದ ಬಂದಷ್ಟೇ ಗಾಳಿ. ಜಾಲರಿಯ ಮುಖ, ತೊಳೆಯಲು ಬರುವ ಧೂಳಿನ ಸೋಸುಪರದೆ, ಒಳಗೆ ಎರಡು ಬೆಳಕಿನ ಫ್ಯಾನು, ಹಿಂದೆ ಹೊರಗೆ ದಬ್ಬುವ ಒಂದು ಸಾದಾ ಫ್ಯಾನು, ಇದು ನಮ್ಮ ಹವೆಗೆ ಒಪ್ಪುವ ಜೋಡಣೆ.

ಈಗಿರುವ ಬೋರ್ಡಿನಲ್ಲಿ 12 ವೋಲ್ಟಿನ ಹೆಡರು ಮಾತ್ರ ಇದ್ದು ಎಆರ್‌ಜಿಬಿ ಫ್ಯಾನೇ ಬೇಕೆನ್ನುವವರು ಬರೀ ಪ್ಲಗ್ಗಿನ ಆಕಾರ ಬದಲಿಸುವ ತಂತಿಯನ್ನು ಕೊಳ್ಳಬಾರದು. ಅದು ವೋಲ್ಟೇಜನ್ನೂ ಇಳಿಸುವುದಿಲ್ಲ, ಡೇಟಾವನ್ನೂ ಹುಟ್ಟಿಸುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ, ಸಾಟಾದಿಂದ ಕರೆಂಟು ಪಡೆದು ಬಟನ್ನಿನಿಂದ ಬಣ್ಣ ಬದಲಿಸುವ ನಿಯಂತ್ರಕ ಅದಕ್ಕೆ ಸರಿಯಾದ ದಾರಿ. ಹೆಡರೇ ಇಲ್ಲದ ಎಚ್61 ಬೋರ್ಡಿನವರಿಗೆ ಹಬ್ಬು, ರಿಮೋಟು ಇರುವ ಕಿಟ್ಟು ಸಾಕಾಗುತ್ತದೆ. ಆದರೆ ಆ ಹಬ್ಬಿಗೆ ಮದರ್‌ಬೋರ್ಡಿನ ಕಡೆಗೆ ಹೋಗುವ ಮೂರು ತೂತಿನ 5 ವೋಲ್ಟಿನ ತಂತಿ ಇದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಬೇಕು; ಅದಿದ್ದರೆ ಮುಂದೆ ಬೋರ್ಡು ಬದಲಿಸಿದಾಗ ಅದೇ ಫ್ಯಾನುಗಳನ್ನು ಹೊಸ ಬೋರ್ಡಿನ ತಂತ್ರಾಂಶದಿಂದ ನಡೆಸಬಹುದು, ಇಲ್ಲದಿದ್ದರೆ ಅವು ರಿಮೋಟಿಗೇ ಅಂಟಿಕೊಂಡಿರುತ್ತವೆ.